ತಕರಾರಿಲ್ಲದ ಮತಕ್ಷೇತ್ರ

ಚುನಾವಣೆಯ ಕೊಳೆ ತೊಳೆಯಲು ಒಂದೊಂದು ದೇಶ ಒಂದೊಂದು ಉಪಾಯ ಹೂಡಿದೆಯಾದರೂ, ಮತದಾರರನ್ನೇ ಊರಿನಿಂದ ತೊಳೆದುಹಾಕಿ ಚುನಾವಣೆಯನ್ನು ಮಾತ್ರ ಉಳಿಸಿಕೊಳ್ಳುವ ಉಪಾಯವನ್ನು ಶತಮಾನಗಟ್ಟಲೆ ಯಶಸ್ವಿಯಾಗಿ ನಡೆಸಿದ ಕೀರ್ತಿ ಇಂಗ್ಲೆಂಡಿನ ವಿಲ್ಟ್‌ಷೈರ್ ಕೌಂಟಿಯ ಓಲ್ಡ್ ಸಾರಂ ಕ್ಷೇತ್ರಕ್ಕೇ ಸಲ್ಲಬೇಕು. ಅಲ್ಲಿ ರಸ್ತೆ ಕೇಳುವವರಿರಲಿಲ್ಲ, ಗೆದ್ದವರು ಮುಖ ತೋರಿಸಲಿಲ್ಲವೆಂದು ಕೊರಗುವವರಿರಲಿಲ್ಲ, ಕೊಟ್ಟ ಭರವಸೆಯನ್ನು ನೆನಪಿಟ್ಟುಕೊಳ್ಳುವವರಂತೂ ಇರಲೇ ಇಲ್ಲ. ಆದರೂ ಬ್ರಿಟಿಷ್ ಸಂಸತ್ತಿನ ಕೆಳಮನೆಯಲ್ಲಿ ಈ ಕ್ಷೇತ್ರಕ್ಕೆ ಒಂದಲ್ಲ, ಎರಡು ಸ್ಥಾನಗಳಿದ್ದವು.

ಓಲ್ಡ್ ಸಾರಂ ಮೂಲತಃ ಕಬ್ಬಿಣ ಯುಗದ ಒಂದು ಬೆಟ್ಟದ ಕೋಟೆ. ನಾರ್ಮನ್ನರು ಬಂದು ಅದರ ಮೇಲೆ ಕೋಟೆಮನೆಯನ್ನೂ ಮಹಾಚರ್ಚನ್ನೂ ಕಟ್ಟಿದರು. ಬೆಟ್ಟದ ಮೇಲೆ ಗಾಳಿಯ ಕಾಟ, ನೀರಿನ ಬರ, ಸಾಲದ್ದಕ್ಕೆ ಕೋಟೆಯ ಸಿಪಾಯಿಗಳಿಗೂ ಚರ್ಚಿನ ಪಾದ್ರಿಗಳಿಗೂ ಮುಗಿಯದ ಜಗಳ. ಬೇಸತ್ತ ಬಿಷಪ್ಪರು 1220ರಲ್ಲಿ ಕೆಳಗೆ ಏವನ್ ನದಿಯ ಬಯಲಿನಲ್ಲಿ ಹೊಸ ಚರ್ಚಿಗೆ ಅಡಿಗಲ್ಲು ಹಾಕಿಸಿದರು. ದೇವರೇ ಇಳಿದುಹೋದ ಮೇಲೆ ಭಕ್ತರು ಉಳಿಯುತ್ತಾರೆಯೇ? ಜನರೂ ಗಂಟುಮೂಟೆ ಕಟ್ಟಿಕೊಂಡು ಇಳಿದರು, ಇಂದಿನ ಸಾಲ್ಸ್‌ಬರಿ ನಗರ ಬೆಳೆಯಿತು. ಹೀಗೆ ನೀರಿನ ಸಮಸ್ಯೆ ಯಾವ ಜನಪ್ರತಿನಿಧಿಯ ನೆರವೂ ಇಲ್ಲದೆ ಪರಿಹಾರವಾದ ಬಳಿಕ, 14ನೇ ಶತಮಾನದ ಹೊತ್ತಿಗೆ, ಖಾಲಿಯಾಗುತ್ತಿದ್ದ ಬೆಟ್ಟ ಸಂಸತ್ತಿಗೆ ಇಬ್ಬರು ಪ್ರತಿನಿಧಿಗಳನ್ನು ಕಳುಹಿಸುವ ರೂಢಿಗೆ ಬಿದ್ದಿತು.

ಜನರಿಲ್ಲದ ಮೇಲೆ ಮತ ಹಾಕುವವರು ಯಾರು ಎಂಬ ಪ್ರಶ್ನೆ ನಮ್ಮಂಥ ಅಲ್ಪಜ್ಞರಿಗೆ ಏಳಬಹುದು. ಕಾನೂನಿನ ಪ್ರಕಾರ ಓಲ್ಡ್ ಸಾರಂನಲ್ಲಿ ಮತದ ಹಕ್ಕು ಮನುಷ್ಯನಿಗೆ ಅಂಟಿಕೊಂಡದ್ದಾಗಿರಲಿಲ್ಲ, ನಿವೇಶನಕ್ಕೆ ಅಂಟಿಕೊಂಡದ್ದಾಗಿತ್ತು. ಒಂದು ಕಾಲಕ್ಕೆ ಮನೆಗಳಿದ್ದ ಸೈಟುಗಳು ಉಳುಮೆಯ ಹೊಲವಾಗಿ ಎಷ್ಟೋ ತಲೆಮಾರು ಕಳೆದಿದ್ದರೂ ಆ ನೆಲದ ಪ್ರಜಾಸತ್ತಾತ್ಮಕ ಪ್ರಜ್ಞೆ ಜಾಗೃತವಾಗಿಯೇ ಇತ್ತು. ಇಂಥ ಕ್ಷೇತ್ರಗಳಲ್ಲಿ ನೆಲದ ಒಡೆಯ ಚುನಾವಣೆಗೆ ಮುನ್ನ ಸೈಟುಗಳನ್ನು ತನ್ನ ನಂಬಿಕಸ್ಥರ ಹೆಸರಿಗೆ ಮಾಡಿಕೊಡುವುದು, ಅವರು ಬಂದು ಮತ ಹಾಕುವುದು, ಕೆಲಸ ಮುಗಿದ ಮೇಲೆ ಪತ್ರಗಳನ್ನು ಮರಳಿಸಿ ಊಟ ಮಾಡಿ ಹೊರಡುವುದು ವಾಡಿಕೆಯಾಗಿತ್ತು. 1831ರಲ್ಲಿ ಓಲ್ಡ್ ಸಾರಂನ ಮತದಾರರು 11 ಮಂದಿ. ಅವರಲ್ಲಿ ಒಬ್ಬರೂ ಅಲ್ಲಿ ವಾಸವಿರಲಿಲ್ಲ.

ಇಂಥ ಸುಸಂಸ್ಕೃತ ಕ್ಷೇತ್ರ ಮಾರಾಟಕ್ಕಿದ್ದಾಗ ಗಿರಾಕಿಗಳಿಗೆ ಬರವೇ? 17ನೇ ಶತಮಾನದ ಕೊನೆಯಲ್ಲಿ ಇದನ್ನು ಕೊಂಡವನು ಥಾಮಸ್ ಪಿಟ್. ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯವನ್ನು ಧಿಕ್ಕರಿಸಿ ಭಾರತದಲ್ಲಿ ಕಳ್ಳವ್ಯಾಪಾರ ನಡೆಸಿ, ಕಂಪನಿಯಿಂದ ಕೇಸು ಹಾಕಿಸಿಕೊಂಡು, ದಂಡ ಕಟ್ಟಿ, ಕೊನೆಗೆ ಅದೇ ಕಂಪನಿಯಿಂದ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿ ನೇಮಕಗೊಂಡ ಮಹಾನುಭಾವ ಈತ. ಮದರಾಸಿನಲ್ಲಿದ್ದಾಗಲೇ ಕೃಷ್ಣಾ ತೀರದ ಕೊಲ್ಲೂರು ಗಣಿಯಿಂದ ಹೊರಬಿದ್ದ 410 ಕ್ಯಾರೆಟ್ಟಿನ ವಜ್ರವೊಂದನ್ನು ಜಾಮ್‌ಚಂದ್ ಎಂಬ ವ್ಯಾಪಾರಿಯಿಂದ 48,000 ವರಹಕ್ಕೆ ಖರೀದಿಸಿ, 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ 1,35,000 ಪೌಂಡಿಗೆ ಮಾರಿದ. ವಜ್ರವನ್ನು ಮಾರಿದನೇ ಹೊರತು ಕ್ಷೇತ್ರವನ್ನು ಕೈಬಿಡಲಿಲ್ಲ. ಎರಡರಲ್ಲಿ ಯಾವುದು ತಲೆಮಾರುಗಟ್ಟಲೆ ಫಸಲು ಕೊಡುತ್ತದೆಂಬುದು ಅನುಭವಸ್ಥನಿಗೆ ತಿಳಿದಿತ್ತು. 1735ರಲ್ಲಿ ಅವನ ಹಿರಿಯ ಮೊಮ್ಮಗ, ಓಕ್‌ಹ್ಯಾಂಪ್ಟನ್ ಮತ್ತು ಓಲ್ಡ್ ಸಾರಂ ಎಂಬ ಎರಡು ಕ್ಷೇತ್ರಗಳಿಂದಲೂ ಗೆದ್ದಿದ್ದರಿಂದ ಹೆಚ್ಚುವರಿಯಾದ ಸೀಟನ್ನು ತಮ್ಮನಿಗೆ ಬಿಟ್ಟುಕೊಟ್ಟ. ಆ ತಮ್ಮನೇ ಮುಂದೆ ಬ್ರಿಟಿಷ್ ಸಾಮ್ರಾಜ್ಯದ ಭಾಗ್ಯವಿಧಾತನೆನಿಸಿದ ಹಿರಿಯ ವಿಲಿಯಂ ಪಿಟ್. ಅಣ್ಣ ಹಾಕಿಬಿಟ್ಟ ಅಂಗಿಯನ್ನು ತಮ್ಮ ತೊಡುವಷ್ಟೇ ಸಲೀಸಾಗಿ ಆತನ ಸಾರ್ವಜನಿಕ ಜೀವನ ಆರಂಭವಾಯಿತು.

ಪಿಟ್ ವಂಶದ ಈ ಜಹಗೀರು 1802ರಲ್ಲಿ ಅದೇ ವಂಶದ ಲಾರ್ಡ್ ಕ್ಯಾಮೆಲ್‌ಫರ್ಡನಿಂದ ಅರ್ಲ್ ಆಫ್ ಕ್ಯಾಲೆಡನ್‌ಗೆ ಮಾರಾಟವಾಯಿತು. ಈ ಅರ್ಲ್ ಮನೆತನದ ಸಂಪತ್ತಿನ ಬೇರೂ ಭಾರತದಲ್ಲಿಯೇ ಇತ್ತೆಂಬುದನ್ನು ಸುಮ್ಮನೆ ಗಮನಕ್ಕೆ ತರುತ್ತಿದ್ದೇನೆ. ವರ್ಷಕ್ಕೆ ಹೆಚ್ಚೆಂದರೆ 700 ಪೌಂಡು ಹುಟ್ಟುವಳಿಯಿದ್ದ ಆ ನೆಲಕ್ಕೆ ತೆತ್ತ ಬೆಲೆ 60,000 ಪೌಂಡು ಎಂದು ಆಗ ಹೇಳಲಾಗುತ್ತಿತ್ತು. ಅಷ್ಟೊಂದು ದುಡ್ಡು ಗೋಧಿಗೆ ಕೊಟ್ಟದ್ದಲ್ಲವೆಂದು ಊಹಿಸಲು ಕೃಷಿ ಪದವಿ ಬೇಕಿಲ್ಲ.

ಅದೇ ವರ್ಷ ನಡೆದ ಸಾರ್ವತ್ರಿಕ ಚುನಾವಣೆಯ ವರ್ಣನೆಯೊಂದು ಉಳಿದುಬಂದಿದ್ದು, ಪ್ರಜಾಪ್ರಭುತ್ವದ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಸಿಗಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ. ಮತಗಟ್ಟೆಗೆ ಕಟ್ಟಡವೇ ಇಲ್ಲವಾದ್ದರಿಂದ ಬೆಳೆ ನಿಂತ ಹೊಲದಲ್ಲಿ, ಹಳೆಯ ಊರಿನ ಗಡಿಯ ಗುರುತಾಗಿ ಉಳಿದಿದ್ದ ಒಂದು ಮರದ ಕೆಳಗೆ, ತಾತ್ಕಾಲಿಕವಾಗಿ ಒಂದು ಚಪ್ಪರ ಎಬ್ಬಿಸಲಾಯಿತು. ಕ್ಷೇತ್ರದ ಅಧಿಕಾರಿ ಎದ್ದು ನಿಂತು ಚುನಾವಣೆಯ ಆಜ್ಞಾಪತ್ರವನ್ನು ಓದಿದ. ಬಳಿಕ ಲಂಚ ನಿಷೇಧ ಕಾಯ್ದೆಯನ್ನೂ ಓದಿದ. ಆಗತಾನೇ ಇಡಿಯಾಗಿ ಕ್ರಯವಾಗಿದ್ದ ಕ್ಷೇತ್ರದಲ್ಲಿ, ಮತಕ್ಕಾಗಿ ಯಾರೂ ಒಂದು ಪೆನ್ನಿಯನ್ನೂ ಕೊಡಕೂಡದು, ಯಾರೂ ಒಂದು ಪೆನ್ನಿಯನ್ನೂ ಇಸಿದುಕೊಳ್ಳಕೂಡದು ಎಂಬ ಕಾಯ್ದೆಯನ್ನು ಗಂಭೀರವದನನಾಗಿ ಓದಿ ಮುಗಿಸುವುದಕ್ಕೆ ಎಂಥ ಸ್ಥಿತಪ್ರಜ್ಞತೆ ಬೇಕು! ಆ ಮೇಲೆ ಒಬ್ಬ ಪಾದ್ರಿ ಎದ್ದು ನಿಕೋಲಸ್ ವ್ಯಾನ್ಸಿಟ್ಟಾರ್ಟ್ ಮತ್ತು ಹೆನ್ರಿ ಅಲೆಕ್ಸಾಂಡರ್ ಅವರ ಹೆಸರುಗಳನ್ನು ಸೂಚಿಸಿದರು. ಅಲೆಕ್ಸಾಂಡರ್ ಎಂಬುದು ಹೊಸ ಒಡೆಯರ ಮನೆತನದ ಹೆಸರೇ. ಉಳಿದ ಮತದಾರರದ್ದೂ ಅದೇ ಅಭಿಪ್ರಾಯವಾಗಿತ್ತು. ಬೇರೆ ಯಾರಾದರೂ ಸ್ಪರ್ಧಿಸಲು ಇಚ್ಛಿಸುವಿರಾ ಎಂದು ಮೂರು ಸಲ ಕೂಗಿ ಕೇಳಲಾಯಿತು. ಹೊಲ ಉತ್ತರಿಸಲಿಲ್ಲ. ಇಬ್ಬರೂ ಅವಿರೋಧವಾಗಿ ಆಯ್ಕೆಯಾದರು. ನೆರೆದಿದ್ದವರಲ್ಲಿ ಹೆಚ್ಚಿನವರು ಈ ವಿಚಿತ್ರವನ್ನು ನೋಡಲೆಂದೇ ಬಂದವರಾಗಿದ್ದುದರಿಂದ, ಬಹುಶಃ ಮತದಾರರಿಗಿಂತ ಪ್ರೇಕ್ಷಕರೇ ಹೆಚ್ಚಿದ್ದ ಏಕೈಕ ಚುನಾವಣೆ ಇದಿರಬಹುದು. ವ್ಯಾನ್ಸಿಟ್ಟಾರ್ಟ್ ಮುಂದೆ ಹತ್ತು ವರ್ಷಕ್ಕೂ ಮಿಕ್ಕಿ ಇಡೀ ದೇಶದ ಹಣಕಾಸು ಸಚಿವರಾಗಿದ್ದರು.

ಸಂಸತ್ತಿಗೆ ಓಲ್ಡ್ ಸಾರಂ ಬಗ್ಗೆ ಆಕ್ಷೇಪವೇ ಇರಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 1801ರಲ್ಲಿ ಇಲ್ಲಿಂದ ಆಯ್ಕೆಯಾಗಿ ಬಂದ ಜಾನ್ ಹಾರ್ನ್ ಟೂಕ್, ಸಂಸತ್ತಿನ ಸುಧಾರಣೆಗಾಗಿಯೇ ಹೋರಾಡಿ 1794ರಲ್ಲಿ ರಾಜದ್ರೋಹದ ವಿಚಾರಣೆ ಎದುರಿಸಿ ಖುಲಾಸೆಯಾಗಿದ್ದವನು. ಸುಧಾರಕನಿಗೂ ಒಳಹೋಗಲು ಸಿಕ್ಕ ಬಾಗಿಲು ಇದೊಂದೇ. ಸದನ ಕೆರಳಿತು, ಚರ್ಚೆಯಾಯಿತು, ಅದೇ ವರ್ಷ ಹೊಸ ಕಾಯ್ದೆಯೇ ಬಂತು. ಮನೆಯಿಲ್ಲದ ಊರಿನಿಂದ ಸದಸ್ಯನೊಬ್ಬ ಬಂದುದರ ಬಗ್ಗೆ ಆ ಕಾಯ್ದೆಯಲ್ಲಿ ಚಕಾರವಿಲ್ಲ. ಟೂಕ್ ಹಿಂದೊಮ್ಮೆ ಪಾದ್ರಿಯಾಗಿ ದೀಕ್ಷೆ ಪಡೆದಿದ್ದ, ಪಾದ್ರಿಗಳು ಕೆಳಮನೆಯಲ್ಲಿ ಕೂರುವುದು ಪ್ರಾತಿನಿಧ್ಯದ ಪಾವಿತ್ರ್ಯಕ್ಕೆ ಧಕ್ಕೆ ಎಂಬುದಷ್ಟೇ ಅದರ ಸಾರ.

ಹಿರಿಯ ಪಿಟ್‌ಗೆ ಮಾತ್ರ ತಡವಾಗಿಯಾದರೂ ಜ್ಞಾನೋದಯವಾಗಿ, 1766ರಲ್ಲಿ ಇಂಥ ಕ್ಷೇತ್ರಗಳನ್ನು ಸಂವಿಧಾನದ ಕೊಳೆತ ಅಂಗವೆಂದು ಕರೆದು, ಇದು ಇನ್ನೊಂದು ಶತಮಾನ ಬಾಳಲಾರದು, ತಾನಾಗಿ ಉದುರದಿದ್ದರೆ ಕತ್ತರಿಸಬೇಕಾದೀತು ಎಂದು ಸದನದಲ್ಲಿ ಗುಡುಗಿದರು. ತಾವು ಏರಿಬಂದ ಏಣಿಯ ಗುಣಮಟ್ಟವನ್ನು ಮೇಲೆ ನಿಂತು ಪರೀಕ್ಷಿಸುವುದೇ ಕ್ಷೇಮಕರವಲ್ಲವೇ? ಅವರ ಮಗ ಕಿರಿಯ ಪಿಟ್ ಪ್ರಧಾನಿಯಾದ ಮೇಲೆ, 1785ರಲ್ಲಿ, ಇನ್ನೂ ಸಭ್ಯವಾದ ದಾರಿ ಸೂಚಿಸಿದರು: 36 ಕೊಳೆತ ಕ್ಷೇತ್ರಗಳನ್ನು ಅವುಗಳ ಒಡೆಯರಿಂದ ಸರ್ಕಾರವೇ ಕೊಂಡುಬಿಡುವುದು, ಅದಕ್ಕೆ ಹತ್ತು ಲಕ್ಷ ಪೌಂಡು ತೆಗೆದಿಡುವುದು. ಜನರ ಮತವನ್ನು ಜನರ ತೆರಿಗೆಯಿಂದಲೇ ಬಿಡಿಸಿಕೊಳ್ಳುವ ಈ ಯೋಜನೆ 174ಕ್ಕೆ ಎದುರಾಗಿ 248 ಮತಗಳಿಂದ ಬಿದ್ದುಹೋಯಿತು.

ಇತ್ತ ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳ ಹೊಗೆಯಲ್ಲಿ ಲಕ್ಷ ಜನರ ನಗರವಾಗಿ ಬೆಳೆದು ನಿಂತಿದ್ದರೂ ಅದಕ್ಕೆ ತನ್ನದೆಂಬ ಒಬ್ಬ ಸದಸ್ಯನೂ ಇರಲಿಲ್ಲ. 1819ರ ಆಗಸ್ಟಿನಲ್ಲಿ ಪ್ರಾತಿನಿಧ್ಯ ಕೇಳಲು ಅಲ್ಲಿನ ಸೇಂಟ್ ಪೀಟರ್ ಮೈದಾನದಲ್ಲಿ ಸೇರಿದ ಜನಸ್ತೋಮದ ಮೇಲೆ ಕುದುರೆ ಸವಾರರು ಕತ್ತಿ ಬೀಸಿದರು, ಜನ ಸತ್ತರು. ನೆಮ್ಮದಿಯಿಂದ ಪ್ರಾತಿನಿಧ್ಯ ಪಡೆಯಬೇಕಿದ್ದರೆ ಅವರು ಮೊದಲು ಊರನ್ನು ಖಾಲಿ ಮಾಡಬೇಕಿತ್ತು.

ಕೊನೆಗೂ ಇಂಥ ಕ್ಷೇತ್ರಗಳನ್ನು ರದ್ದುಮಾಡುವ ಸುಧಾರಣಾ ಮಸೂದೆ ಬಂದಾಗ, ಅಳಿಸಿಹೋಗಲಿದ್ದ ಕ್ಷೇತ್ರಗಳ ಸದಸ್ಯರೂ ಅದರ ಮೇಲೆ ಮತ ಹಾಕುವವರೇ ಆಗಿದ್ದರು. 1831ರ ಮಾರ್ಚಿನಲ್ಲಿ ಎರಡನೆಯ ವಾಚನ 301ಕ್ಕೆ ಎದುರಾಗಿ 302 ಮತಗಳಿಂದ, ಒಂದೇ ಒಂದು ಮತದ ಅಂತರದಲ್ಲಿ, ಪಾಸಾಯಿತು. ಆ ಬಳಿಕ ಮೇಲ್ಮನೆ ತಿರಸ್ಕರಿಸಿದ್ದು, ಆ ಸಿಟ್ಟಿನ ಗಲಭೆಯಲ್ಲಿ ಬ್ರಿಸ್ಟಲ್ ನಗರ ಹೊತ್ತಿ ಉರಿದದ್ದು ಎಲ್ಲ ಆಗಿ 1832ರ ಜೂನಿನಲ್ಲಿ ಕಾಯ್ದೆಗೆ ರಾಜಮುದ್ರೆ ಬಿತ್ತು. ಪೂರ್ತಿ ರದ್ದಾದ 56 ಕ್ಷೇತ್ರಗಳ ಪಟ್ಟಿಯಲ್ಲಿ ಮೊದಲ ಹೆಸರು ಓಲ್ಡ್ ಸಾರಂನದೇ. ಕಿರಿಯ ಪಿಟ್ ಎಣಿಸಿದ್ದ ಪರಿಹಾರದ ಮಾತು ಈ ಸಲ ಇರಲಿಲ್ಲವಾದ್ದರಿಂದ, 60,000 ಪೌಂಡಿನ ಆಸ್ತಿ ರಾತ್ರೋರಾತ್ರಿ ವರ್ಷಕ್ಕೆ 700 ಪೌಂಡಿನ ಹೊಲವಾಯಿತು. ಮತದಾನದ ಹಕ್ಕು ಕಿತ್ತುಕೊಂಡದ್ದಕ್ಕೆ ಕ್ಷೇತ್ರದಲ್ಲಿ ಪ್ರತಿಭಟಿಸಲು ನಿವಾಸಿಗಳೇ ಇರಲಿಲ್ಲ. ಆ ಹನ್ನೊಂದು ಮತದಾರರಿಗೆ ಸುದ್ದಿ ಮುಟ್ಟಿಸಬೇಕಿದ್ದರೂ ಟಪಾಲನ್ನು ಬೇರೆ ಊರುಗಳ ವಿಳಾಸಕ್ಕೇ ಹಾಕಬೇಕಿತ್ತು.