ಎಂಟು ಸೆಂಟಿಮೀಟರ್ ಮೈದಾನ

ನಮ್ಮ ಬಡಾವಣೆಯಲ್ಲಿ ಒಂದು ಆಟದ ಮೈದಾನ ಇದೆ. ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನೇ ಕಣ್ಣಾರೆ ನೋಡಿದ್ದೇನೆ, ಸ್ಕೇಲ್ ಇಟ್ಟು ಅಳೆದಿದ್ದೇನೆ. ಉದ್ದ ಎಂಟು ಸೆಂಟಿಮೀಟರ್, ಅಗಲ ಐದು ಸೆಂಟಿಮೀಟರ್. ಒಳ್ಳೆ ಗರಿಕೆ ಹಸಿರು. ನಾಲ್ಕು ಮೂಲೆಗೂ ಗುಂಡಗೆ ಬರೆದ ಪುಟ್ಟ ಮರಗಳು. ಇಷ್ಟು ವರ್ಷದಲ್ಲಿ ಒಂದು ಎಲೆ ಉದುರಿಲ್ಲ, ಒಂದು ನಾಯಿ ಬಂದು ಮಲಗಿಲ್ಲ. ಮಂಜೂರಾದ ನಕ್ಷೆಯ ಮೇಲೆ ಸೀಲು, ಸಹಿ ಸಮೇತ ಸುಖವಾಗಿದೆ.

ನಕ್ಷೆಯ ಅಳತೆ ಒಂದಕ್ಕೆ ಸಾವಿರ. ಅಂದರೆ ನೆಲದ ಮೇಲೆ ಈ ಮೈದಾನ 80 ಮೀಟರ್ ಉದ್ದ, 50 ಮೀಟರ್ ಅಗಲ ಇರಬೇಕು. ಹೆಚ್ಚುಕಮ್ಮಿ ಒಂದು ಎಕರೆ. ತೊಂದರೆ ಇಷ್ಟೇ, ನೆಲಕ್ಕೆ ನಕ್ಷೆ ಓದೋಕೆ ಬರಲ್ಲ.

ಯಾವ ಬಡಾವಣೆ ಅಂತ ಕೇಳಬೇಡಿ. ಹಾಸನದಲ್ಲಿ ಸಾಲಗಾಮೆ ರಸ್ತೆ ಹಿಡಿದು ಹೋದರೂ, ಬೇಲೂರು ರಸ್ತೆ ಹಿಡಿದು ಹೋದರೂ ಮೊದಲು ಆಲೂಗೆಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಸೈಟ್ ಕಲ್ಲು ಬೆಳೆದಿವೆ. ಅಂಥದ್ದೇ ಹತ್ತು ಎಕರೆ ನಮ್ಮದು. ಖಾಸಗಿ ಬಡಾವಣೆ ಮಾಡುವವರು ನೂರಕ್ಕೆ 10 ಭಾಗ ಪಾರ್ಕು-ಮೈದಾನಕ್ಕೆ, 5 ಭಾಗ ನಾಗರಿಕ ಸೌಲಭ್ಯಕ್ಕೆ ಬಿಡಬೇಕು ಅಂತ ನಿಯಮ. ಬಿಟ್ಟ ಜಾಗವನ್ನು ಪುಕ್ಕಟೆಯಾಗಿ ಸರ್ಕಾರದ ಕಡೆಗೆ ಬರೆದುಕೊಡಬೇಕು. ಆ ಕಾಗದದ ಹೆಸರು ಪರಿತ್ಯಾಜನಾ ಪತ್ರ. ಕೇಳಿದರೆ ಯಾರೋ ಸನ್ಯಾಸ ತಗೊಂಡ ಹಾಗೆ ಅನ್ನಿಸುತ್ತದೆ. ಆದರೆ ಇದರಲ್ಲಿ ಸನ್ಯಾಸ ಸಿಕ್ಕಿದ್ದು ನಮ್ಮ ಮಕ್ಕಳಿಗೆ. ಲೇಔಟ್ ಮಾಡಿದವರು ಬಿಟ್ಟ ಒಂದು ಎಕರೆಯ ಬೆಲೆಯನ್ನು ಉಳಿದ ಸೈಟುಗಳ ಚದರಡಿ ರೇಟಿಗೆ ಸೇರಿಸಿ ನಮ್ಮಿಂದಲೇ ವಸೂಲಿ ಮಾಡಿದ್ದಾರೆ, ಪಾಪ.

ಒಂದು ಎಕರೆ ಅಂದರೆ ನಲವತ್ತು ಗುಂಟೆ. ಒಂದು ದಿನ ನಾನೂ ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರೂ ಟೇಪ್ ಹಿಡಿದು ಲೆಕ್ಕ ಹಾಕಲು ಹೋದೆವು. ಮೊದಲಿಗೆ ಟ್ರಾನ್ಸ್‌ಫಾರ್ಮರ್, ಬೇಲಿ ಸಮೇತ ಒಂದು ಗುಂಟೆ. ಪರವಾಗಿಲ್ಲ, ಕರೆಂಟು ಬೇಕಲ್ಲ. ನೀರಿನ ಟ್ಯಾಂಕು, ಪಂಪ್ ಮನೆ ಸೇರಿ ನಾಲ್ಕು. ನೀರೂ ಬೇಕು. ಮೊದಲು ಗಣೇಶನನ್ನು ಐದು ದಿನಕ್ಕೆ ಅಂತ ಕೂರಿಸಿದ್ದು. ಆಮೇಲೆ ಆತ ಎದ್ದೇಳಲಿಲ್ಲ. ಶೀಟಿನ ಚಪ್ಪರ ಹೋಗಿ ಗುಡಿ, ಗುಡಿಗೊಂದು ಪೌಳಿ, ಪೌಳಿಗೊಂದು ಚಪ್ಪಲಿ ಸ್ಟ್ಯಾಂಡ್. ಐದು ಗುಂಟೆ. ದೇವರ ವಿಷಯ, ಮೇಷ್ಟ್ರು ಟೇಪ್ ಸುತ್ತಿಕೊಂಡು ಕೈ ಮುಗಿದರು. ಸುತ್ತಲಿನ ಮನೆಯವರು ಒಬ್ಬೊಬ್ಬರು ನಾಲ್ಕು ದಾಸವಾಳ ಗಿಡ, ಒಂದು ಕಾರಿನ ಜಾಗ ಅಂತ ತಮ್ಮ ಕಾಂಪೌಂಡನ್ನು ಸ್ವಲ್ಪ ಸ್ವಲ್ಪವೇ ಮುಂದೆ ನಡೆಸಿದ್ದರು. ಅದೂ ಐದು. ಪಾಯ ಹಾಕಿ ಬಿಟ್ಟ ಸಮುದಾಯ ಭವನ ಎಂಟು ಗುಂಟೆ ತಿಂದಿತ್ತು. ಅದರ ಕಂಬಿಗಳು ಆಕಾಶ ನೋಡುತ್ತಾ ನಿಂತಿದ್ದವು. ಹಿರಿಯರ ವಾಕಿಂಗ್ ದಾರಿಗೆ ಆರು, ಓಪನ್ ಜಿಮ್ಮಿಗೆ ಎರಡು, ‘ಹುಲ್ಲು ತುಳಿಯಬೇಡಿ’ ಅನ್ನುವ ಹುಲ್ಲಿಗೆ ಏಳು.

ಕಳೆದರೆ ಉಳಿದದ್ದು ಎರಡು ಗುಂಟೆ.

ಮೇಷ್ಟ್ರ ಮುಖ ಅರಳಿತು. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದೂಕಾಲು ಗುಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಖೋ ಖೋಗೆ ನಾಲ್ಕೂಕಾಲು ಬೇಕು, ಅದು ಆಗಲ್ಲ. ಕಬಡ್ಡಿ ಆಗುತ್ತೆ ಅಂದರು. ಹತ್ತಿರ ಹೋಗಿ ನೋಡಿದರೆ ಆ ಎರಡು ಗುಂಟೆಯ ನಟ್ಟ ನಡುವೆ ಕಬ್ಬಿಣದ ಬೋರ್ಡು. ‘ಇಲ್ಲಿ ಆಟವಾಡುವುದನ್ನು ಕಡ್ಡಾಯವಾಗಿ ನಿಷೇಧಿಸಿದೆ.’ ಮೈದಾನದಲ್ಲಿ ಮೈದಾನ ಅಂತ ಉಳಿದಿದ್ದ ಒಂದೇ ಜಾಗ, ಅದನ್ನು ಕಾಯಲು ಇದೊಂದು ಬೋರ್ಡು.

ಓಪನ್ ಜಿಮ್ಮಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಹೆಸರಿಗೆ ಓಪನ್, ಗೇಟಿಗೆ ಬೀಗ. ಮಕ್ಕಳು ಹಾಳು ಮಾಡುತ್ತಾರೆ ಅಂತ ಕೀಲಿ ಸಂಘದ ಅಧ್ಯಕ್ಷರ ಮನೆಯಲ್ಲಿದೆ. ಆಗಸ್ಟ್ 15ಕ್ಕೆ ಬಾವುಟ ಹಾರಿಸಲು ತೆಗೆಯುತ್ತಾರೆ. ನಮ್ಮೂರಿನಲ್ಲಿ ವರ್ಷಕ್ಕೊಮ್ಮೆ ಬಾಗಿಲು ತೆರೆಯುವುದು ಹಾಸನಾಂಬೆ ಗುಡಿ ಒಂದೇ ಅಂದುಕೊಂಡಿದ್ದೆ. ಅಲ್ಲಿ ಹಚ್ಚಿಟ್ಟ ದೀಪ ಮುಂದಿನ ವರ್ಷ ಬಾಗಿಲು ತೆಗೆದಾಗಲೂ ಉರಿಯುತ್ತಿರುತ್ತದೆ ಅಂತ ಜನ ನಂಬುತ್ತಾರೆ. ಇಲ್ಲಿ ಹಾಕಿದ ಬಲ್ಬು ಮುಂದಿನ ಅಮಾವಾಸ್ಯೆವರೆಗೂ ಇರಲ್ಲ.

ಮೈದಾನ ಯಾರದ್ದು ಅಂತ ವಿಚಾರಿಸೋಣ ಅಂತ ಹೊರಟೆ. ಲೇಔಟ್ ಮಾಡಿದವರು ‘ನಾನು ಅವತ್ತೇ ಬರೆದುಕೊಟ್ಟಾಯ್ತಲ್ಲ ಸಾರ್’ ಅಂದರು. ಸಂಬಂಧಪಟ್ಟ ಕಚೇರಿಯವರು ‘ನಮಗಿನ್ನೂ ಹಸ್ತಾಂತರ ಆಗಿಲ್ಲ’ ಅಂದರು. ತವರಿನವರು ಕಳಿಸಿಕೊಟ್ಟಾಯ್ತು ಅಂತಾರೆ, ಗಂಡನ ಮನೆಯವರು ಬಂದೇ ಇಲ್ಲ ಅಂತಾರೆ. ಹುಡುಗಿ ಎಲ್ಲಿ? ಅಂದ ಹಾಗೆ, ಎಷ್ಟು ಅಲೆದರೂ ನಮಗೆ ಸಂಬಂಧ ಹತ್ತದ ಕಚೇರಿಗೆ ‘ಸಂಬಂಧಪಟ್ಟ ಕಚೇರಿ’ ಅಂತ ಹೆಸರಿಟ್ಟವರು ಯಾರೋ ದೊಡ್ಡ ಹಾಸ್ಯಗಾರರೇ ಇರಬೇಕು.

ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ನನ್ನದು ಎರಡೇ ಪದ: ‘ಮೈದಾನ ಎಲ್ಲಿ?’ ಸರ್ಕಾರಕ್ಕೆ 148 ಪದ ಉಳಿಸಿಕೊಟ್ಟೆ. ಸರಿಯಾಗಿ ಮೂವತ್ತನೇ ದಿನ ಉತ್ತರ ಬಂತು. ‘ನಕ್ಷೆಯಲ್ಲಿ ಮೈದಾನ ಇರುತ್ತದೆ. ಸ್ಥಳದಲ್ಲಿ ಕಂಡುಬಂದಿರುವುದಿಲ್ಲ. ಆದ್ದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಿದೆ.’ ಮೈದಾನ ಕಾಣದಿದ್ದರೆ ಮುಗಿಸಬೇಕಾದ್ದು ಅರ್ಜಿಯನ್ನು. ಇದು ನನಗೆ ಹೊಳೆದೇ ಇರಲಿಲ್ಲ.

ಕಾನೂನು ಇಲ್ಲ ಅಂತಲ್ಲ. ಪಾರ್ಕು, ಆಟದ ಬಯಲು ಉಳಿಸಲಿಕ್ಕೆ ಅಂತಲೇ ಕರ್ನಾಟಕದಲ್ಲಿ 1985ರಿಂದ ಒಂದು ಕಾಯ್ದೆ ಇದೆ. ಬೆಂಗಳೂರಿನಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಕ್ಕಪಕ್ಕದವರು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅದು ಆಗದು ಅಂತ ತೀರ್ಪು ಕೊಟ್ಟಿತು. ಇದನ್ನು ಹೇಳಿದಾಗ ನಮ್ಮ ಅಧ್ಯಕ್ಷರು ಬಹಳ ಗೌರವದಿಂದ ಕೇಳಿಸಿಕೊಂಡರು. ‘ಕೋರ್ಟಿನ ಮಾತು ಮೀರಿಲ್ಲ ಸಾರ್. ನಾವೆಲ್ಲಿ ಆಸ್ಪತ್ರೆ ಕಟ್ಟಿದ್ದೀವಿ? ತೀರ್ಪಿನಲ್ಲಿ ಸಮುದಾಯ ಭವನ ಅಂತ ಇದ್ದರೆ ತೋರಿಸಿ’ ಅಂದರು.

ಹೀಗಿರುವಾಗ ದುಡ್ಡು ಬಂತು.

ಲೇಔಟ್ ಮಾಡಿದವರು ಪಕ್ಕದಲ್ಲೇ ಎರಡನೇ ಹಂತ ಶುರು ಮಾಡುವವರಿದ್ದರು. ನಾವು ತಕರಾರು ಎತ್ತಬಾರದಲ್ಲ, ಅದಕ್ಕೆ ಸಮುದಾಯಕ್ಕೂ ಕ್ರೀಡೆಗೂ ಅಂತ ಐದು ಲಕ್ಷ ಕೊಟ್ಟರು. ‘ನನ್ನದೊಂದು ಅಳಿಲು ಸೇವೆ’ ಅಂತ ಕೈ ಮುಗಿದರು. ರಾಮಾಯಣದ ಅಳಿಲಿಗೆ ಬೆನ್ನ ಮೇಲೆ ಮೂರು ಗೆರೆ ಸಿಕ್ಕಿತ್ತು. ಇವರಿಗೆ ಶಿಲಾಫಲಕದಲ್ಲಿ ಮೂರು ಸಾಲು ಸಿಕ್ಕಿತು. ಅದು ಆಮೇಲಿನ ಮಾತು.

ದುಡ್ಡು ಹಂಚಲು ಅಧ್ಯಕ್ಷರ ಕಾರ್ ಶೆಡ್ಡಿನಲ್ಲಿ ಸಭೆ. ಇಪ್ಪತ್ತಾರು ಜನ ಬಂದಿದ್ದರು. ಎಲ್ಲರಿಗೂ ಸಕ್ಕರೆ ಇಲ್ಲದ ಕಾಫಿ. ಆಟ ಆಡುವ ವಯಸ್ಸಿನವರು ಒಬ್ಬರೂ ಇರಲಿಲ್ಲ, ಅವರು ಟ್ಯೂಷನ್ನಿಗೆ ಹೋಗಿದ್ದರು. ಮೊದಲು ಎದ್ದದ್ದು ಮೇಷ್ಟ್ರು. ‘ಹುಲ್ಲಿನ ಬೇಲಿ ತೆಗೆಸಿ. ಎರಡು ಲೋಡು ಕೆಮ್ಮಣ್ಣು ಹೊಡೆಸಿ, ರೋಲರ್ ಆಡಿಸಿ, ಎರಡು ವಾಲಿಬಾಲ್ ಕಂಬ ನೆಡಿ. ಐವತ್ತು ಸಾವಿರ ಸಾಕು.’ ಶೆಡ್ಡು ಗಪ್ಪಾಯಿತು. ಕಡಿಮೆ ಖರ್ಚಿನ ಸಲಹೆ ಕೊಟ್ಟವನನ್ನು ಸಭೆ ನೋಡುವ ನೋಟ ಒಂದಿರುತ್ತದೆ. ಮದುವೆ ಮನೆಯಲ್ಲಿ ಜಾತಕ ಇನ್ನೊಂದು ಸಲ ನೋಡೋಣ ಅಂದವನನ್ನು ನೋಡುವ ಹಾಗೆ.

ಅಧ್ಯಕ್ಷರು ಮೆತ್ತಗೆ ಕೇಳಿದರು: ‘ಮೇಷ್ಟ್ರೇ, ಮಣ್ಣಿನ ಮೇಲೆ ಹೆಸರು ಬರೆಸೋಕಾಗುತ್ತಾ?’

ಅಲ್ಲಿಗೆ ಮಣ್ಣಿನ ವಿಷಯ ಮುಗಿಯಿತು. ಸ್ವಾಗತ ಕಮಾನಿಗೆ ಎರಡೂಕಾಲು ಲಕ್ಷ ಅಂತ ತೀರ್ಮಾನವಾಯಿತು. ಕ್ರೀಡೆಗೂ ಕಮಾನಿಗೂ ಏನು ಸಂಬಂಧ ಅಂತ ನಾನು ಬಾಯಿ ಹಾಕಿದೆ. ‘ಗೋಲ್ ಪೋಸ್ಟ್ ಹಾಗೇ ಇರುತ್ತಲ್ಲ ಸಾರ್’ ಅಂತ ಖಜಾಂಚಿ ಹೇಳಿದರು. ನಾನು ಕಾಫಿ ಕುಡಿದೆ. ಕಮಾನು, ಗುಡಿ, ಟ್ಯಾಂಕು ಕಾಯಲು ಸಿಸಿಟಿವಿ ಒಂದು ಲಕ್ಷ ಇಪ್ಪತ್ತು ಸಾವಿರ. ವಾಕಿಂಗ್ ದಾರಿಗೆ ಹೊಸ ಇಂಟರ್‌ಲಾಕ್ ಇಟ್ಟಿಗೆ ಅರವತ್ತು ಸಾವಿರ. ಹಳೆಯವು ಗಟ್ಟಿಯಾಗಿಯೇ ಇದ್ದವು, ಬಣ್ಣ ಮಾತ್ರ ಕಮಾನಿಗೆ ಹೊಂದುತ್ತಿರಲಿಲ್ಲ. ಉದ್ಘಾಟನೆಯ ಶಾಮಿಯಾನ, ಶಾಲು, ಹಾರ, ಮೈಸೂರು ಪೇಟ, ಶಿಲಾಫಲಕ ಎಲ್ಲ ಸೇರಿ ಎಂಬತ್ತು ಸಾವಿರ. ಉಳಿದ ಹದಿನೈದು ಸಾವಿರ ಕ್ರೀಡೆಗೆ. ಎರಡು ಕೇರಂ ಬೋರ್ಡು, ಒಂದು ಚೆಸ್ ಸೆಟ್ಟು ಬಂದವು. ಮಳೆಯಲ್ಲಿ ನೆನೆಯಬಾರದು ಅಂತ ಅಧ್ಯಕ್ಷರ ಮನೆಯಲ್ಲೇ ಇಟ್ಟಿದ್ದಾರೆ. ಅವರ ಅಳಿಯಂದಿರು ಈಗ ಕೇರಂನಲ್ಲಿ ತುಂಬಾ ಸುಧಾರಿಸಿದ್ದಾರಂತೆ.

ಕಮಾನು ಎದ್ದು ನಿಂತ ಮೇಲೆ ನೀರಿನ ಟ್ಯಾಂಕರ್ ಅದರಡಿ ಹಿಡಿಸುತ್ತಿಲ್ಲ ಅಂತ ಗೊತ್ತಾಯಿತು. ಈಗ ಹಿಂದಿನ ಓಣಿಯಿಂದ ಬರುತ್ತದೆ.

ಇದನ್ನೆಲ್ಲ ಇಂಗ್ಲೆಂಡಿನಲ್ಲಿರುವ ನಮ್ಮ ಅಕ್ಕನ ಮಗನಿಗೆ ಫೋನಿನಲ್ಲಿ ಹೇಳಿದೆ. ‘ಮಾವ, ಇಲ್ಲೂ ಇದೇ ಗಲಾಟೆ’ ಅಂದ. ಅಲ್ಲಿ 1990ರ ಯೋಜನಾ ಕಾನೂನಿನ 106ನೇ ಸೆಕ್ಷನ್ನಿನಲ್ಲಿ ಮನೆ ಕಟ್ಟುವ ಕಂಪನಿ ಕೌನ್ಸಿಲ್ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾಗುತ್ತದಂತೆ. ಪಾರ್ಕಿಗೆ ಇಷ್ಟು, ಆಟದ ಮೈದಾನಕ್ಕೆ ಇಷ್ಟು, ಊರ ಸಭಾಂಗಣಕ್ಕೆ ಇಷ್ಟು ಅಂತ ಬರೆದಿರುತ್ತದೆ. ಇನ್ನೊಂದು ತೆರಿಗೆಯೂ ಇದೆಯಂತೆ. ಅದನ್ನು ಹಾಕುವ ಕಡೆ ನೂರಕ್ಕೆ 15 ಭಾಗ ಹಳ್ಳಿಯ ಕೌನ್ಸಿಲ್ಲಿಗೇ ಹೋಗುತ್ತದೆ, ಊರವರು ಸೇರಿ ತಮ್ಮ ಯೋಜನೆ ಮಾಡಿ ಪಾಸು ಮಾಡಿಸಿಕೊಂಡಿದ್ದರೆ 25 ಭಾಗ. ಬಂದದ್ದೆಷ್ಟು, ಖರ್ಚಾದದ್ದೆಷ್ಟು ಅಂತ ಕೌನ್ಸಿಲ್ ವರ್ಷಕ್ಕೊಮ್ಮೆ ಲೆಕ್ಕ ಹೊರಗೆ ಹಾಕಬೇಕು. ಕ್ರಿಕೆಟ್ ಕ್ಲಬ್ಬಿನವರು, ಫುಟ್‌ಬಾಲಿನವರು, ಸಭಾಂಗಣಕ್ಕೆ ಹೊಸ ಅಡುಗೆಮನೆ ಬೇಕು ಅನ್ನುವವರು, ಎಲ್ಲರೂ ಆ ದುಡ್ಡಿಗೆ ಜಗಳ ಆಡುತ್ತಾರಂತೆ. ಒಪ್ಪಂದದಲ್ಲಿ ಹೇಳಿದ ಗಡುವಿನೊಳಗೆ ಖರ್ಚು ಮಾಡದಿದ್ದರೆ ದುಡ್ಡು ಕಟ್ಟಿದವರಿಗೇ ವಾಪಸ್ ಕೊಡಬೇಕಾಗಬಹುದು.

ಕೇಳಿ ನನಗೆ ಹೆಮ್ಮೆಯಾಯಿತು. ನಮ್ಮಲ್ಲಿ ದುಡ್ಡು ಯಾವತ್ತೂ ವಾಪಸ್ ಹೋಗಲ್ಲ. ಹೋದರೆ ಜಾಗ ಹೋಗುತ್ತೆ, ಅಷ್ಟೇ.

ಉದ್ಘಾಟನೆ ಚೆನ್ನಾಗಿ ಆಯಿತು. ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದು ಮುಕ್ಕಾಲು ಗಂಟೆ ಕ್ರೀಡೆಯ ಮಹತ್ವ ಹೇಳಿದರು. ಜಾವಗಲ್ ಯಾರದ್ದು? ನಮ್ಮ ಅರಸೀಕೆರೆ ತಾಲೂಕಿನದು! ಆ ಊರಿನ ಹೆಸರು ಹೊತ್ತ ಶ್ರೀನಾಥ್ 236 ಟೆಸ್ಟ್ ವಿಕೆಟ್ ತೆಗೆದರು. ಅರಸೀಕೆರೆಯಲ್ಲೇ ಹುಟ್ಟಿದ ಡೇವಿಡ್ ಜಾನ್ಸನ್ 1996ರಲ್ಲಿ ಭಾರತಕ್ಕೆ ಬೌಲಿಂಗ್ ಮಾಡಿದರು. ಪಕ್ಕದ ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದರು. ‘ಈ ಬಡಾವಣೆಯಿಂದಲೂ ಒಬ್ಬ ವೇಗದ ಬೌಲರ್ ಹೊರಬರಬೇಕು’ ಅಂತ ಕರೆ ಕೊಟ್ಟು ಹೊರಟರು. ಅವರ ಕಾರು ನಿಂತಿದ್ದು ಆ ಎರಡು ಗುಂಟೆಯಲ್ಲೇ, ಬೋರ್ಡಿನ ಪಕ್ಕ.

ವೇಗದ ಬೌಲರ್ ಹೊರಬರುವುದು ಕಷ್ಟ. ಶ್ರೀನಾಥ್ ಎಷ್ಟು ದೂರದಿಂದ ಓಡಿ ಬರುತ್ತಿದ್ದರು, ನೋಡಿದವರಿಗೆ ನೆನಪಿರುತ್ತದೆ. ನಮ್ಮ ಹುಡುಗ ಹಾಗೆ ಓಡಿ ಬರಬೇಕೆಂದರೆ ಟ್ರಾನ್ಸ್‌ಫಾರ್ಮರ್ ಬೇಲಿ ಹಾರಿ, ಗುಡಿಗೆ ಅರ್ಧ ಪ್ರದಕ್ಷಿಣೆ ಹಾಕಿ ಬರಬೇಕು. ಅದಕ್ಕೇ ನಮ್ಮ ಬಡಾವಣೆಯಲ್ಲಿ ಎಲ್ಲರೂ ಸ್ಪಿನ್ನರ್‌ಗಳು.

ಅವರು ಈಗ ಆಡುವುದು ಎರಡನೇ ಹಂತದಲ್ಲಿ, ಇನ್ನೂ ಮಾರಾಟವಾಗದ ಸೈಟುಗಳಲ್ಲಿ. 46ರ ಕಲ್ಲು ವಿಕೆಟ್ಟು. 47, 48 ಪಿಚ್ಚು. ಜೆಸಿಬಿ ಬಂದ ದಿನ ಮುಂದಿನ ಖಾಲಿ ಸೈಟಿಗೆ ಹೋಗುತ್ತಾರೆ. ನಮ್ಮ ಹುಡುಗರಿಗೆ ರಿಯಲ್ ಎಸ್ಟೇಟ್ ಬ್ರೋಕರ್‌ಗಳಿಗಿಂತ ಚೆನ್ನಾಗಿ ಮಾರ್ಕೆಟ್ ಗೊತ್ತು. ‘ಅಂಕಲ್, ಮೂಲೆ ಸೈಟು ಬೇಗ ಹೋಗುತ್ತೆ, ಅಲ್ಲಿ ಪಿಚ್ ಮಾಡಬಾರದು’ ಅಂತ ಪಕ್ಕದ ಮನೆ ಹುಡುಗ ಒಮ್ಮೆ ನನಗೆ ವಿವರಿಸಿದ್ದ.

ಹೋದ ಭಾನುವಾರ ಪೇಪರಿನ ಜೊತೆ ಎರಡನೇ ಹಂತದ ಪಾಂಪ್ಲೆಟ್ ಬಂತು. ನುಣುಪು ಕಾಗದ, ನಾಲ್ಕು ಬಣ್ಣ. ಒಳಗಿನ ಪುಟದಲ್ಲಿ ದೊಡ್ಡ ಫೋಟೊ. ಕೆಂಪು ಮಣ್ಣು, ಸಂಜೆ ಬಿಸಿಲು, ಎಂಟು ಹತ್ತು ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಕೆಳಗೆ ಬರೆದಿತ್ತು: ‘ಮಕ್ಕಳಿಗಾಗಿ ವಿಶಾಲ ಆಟದ ಮೈದಾನ.’

ಪಕ್ಕದ ಮನೆ ಹುಡುಗನನ್ನು ಕರೆದು ತೋರಿಸಿದೆ. ಕಾಗದವನ್ನು ಕಣ್ಣ ಹತ್ತಿರ ಹಿಡಿದು ನೋಡಿದ.

‘ಅಂಕಲ್, ಇದು ನಾವೇ ಅಲ್ವಾ? ಬ್ಯಾಟ್ ಹಿಡಿದಿರೋದು ನಾನೇ!’

‘ಹೌದಪ್ಪಾ. ಮೈದಾನ ಯಾವುದು ಇದು?’

‘ಮೈದಾನ ಅಲ್ಲ ಅಂಕಲ್, 47. ಮೊನ್ನೆ ಅಡ್ವಾನ್ಸ್ ಆಯ್ತು’ ಅಂದವನೇ ಬ್ಯಾಟು ತಗೊಂಡು 52ರ ಕಡೆ ಓಡಿದ.