ಪ್ಲಾನ್ ಮಾಡೋಳು ನಾನು, ದುಡ್ಡು ಹಾಕೋಳು ನಾನು, ಊರು ನೋಡೋಕೆ ಮಾತ್ರ ನನಗೆ ಟೈಮಿಲ್ಲ

"ಮುಂದಿನ ತಿಂಗಳು ವಿಯೆನ್ನಾಗೆ ಪ್ಲಾನ್ ಮಾಡೇ, ನೀನು ಸೂಪರ್ ಆಗಿ ಮಾಡ್ತೀಯ" ಅಂತ ಗ್ರೂಪಿನಲ್ಲಿ ಮೆಸೇಜ್ ಬಂದಿದೆ. ಅದಕ್ಕೆ ಉಳಿದವರೆಲ್ಲ ಬೆಂಕಿ ಇಮೋಜಿ ಒತ್ತಿದ್ದಾರೆ. ಪ್ರಾಗ್ ಟ್ರಿಪ್ಪಿನ ದುಡ್ಡೇ ಇನ್ನೂ ಪೂರ್ತಿ ಬಂದಿಲ್ಲ ನನಗೆ. ಓದಿ ಮೈಯೆಲ್ಲ ಉರೀತಾ ಇದೆ. ಇಷ್ಟು ದಿನ ಹಲ್ಲು ಕಚ್ಚಿ ಇಟ್ಟುಕೊಂಡಿದ್ದನ್ನೆಲ್ಲ ಇವತ್ತು ಹೇಳಿಬಿಡ್ತೀನಿ.

ನಾನು ಓದ್ತಿರೋದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಇಲ್ಲಿಂದ ಚೆಕ್ ದೇಶದ ಪ್ರಾಗ್‌ಗೆ ರೈಲಲ್ಲಿ ಎರಡೂವರೆ ಗಂಟೆ. ಎಲ್ಬೆ ನದಿ ಪಕ್ಕದಲ್ಲೇ ಹೋಗುತ್ತೆ, ಕಿಟಕಿಯಿಂದ ಮರಳುಗಲ್ಲಿನ ಬೆಟ್ಟಗಳು ಕಾಣ್ತವೆ. ಬಂದ ದಿನದಿಂದ ಹೋಗಬೇಕು ಅಂತ ಆಸೆ. ನಾವು ಐದು ಜನ, ಎಲ್ಲರೂ ನಮ್ಮ ಕಡೆಯವರೇ, ಕನ್ನಡದವರೇ. "ನೀನೇ ನೋಡು, ನಿನಗೆ ಇದೆಲ್ಲ ಗೊತ್ತಾಗುತ್ತೆ" ಅಂದರು. ನೋಡಿದೆ. ಜರ್ಮನಿಯ ತಿಂಗಳ ಪಾಸು ಗಡಿ ದಾಟಿದರೆ ನಡೆಯಲ್ಲ, ಬೇರೆ ಟಿಕೆಟ್ ಬೇಕು. ಮೊದಲೇ ತೆಗೆದರೆ ಅಗ್ಗ, ಆದರೆ ಅದೇ ರೈಲಿಗೆ ಕಟ್ಟುಬೀಳಬೇಕು. ಹಾಸ್ಟೆಲಿನ ರಿವ್ಯೂ ಓದಿ, ತಿಗಣೆ ಕಾಟ ಇಲ್ಲದ್ದನ್ನು ಹುಡುಕಿ, ಸ್ಟೇಷನ್ನಿಗೆ ಹತ್ತಿರ ಇದೆಯಾ ನೋಡಿ, ಪರೀಕ್ಷೆಗೆ ಓದಬೇಕಾದ ರಾತ್ರಿಗಳನ್ನೆಲ್ಲ ಇದಕ್ಕೆ ಸುರಿದೆ. ಹೋಗಲಿ, ಅದು ಇಷ್ಟಪಟ್ಟು ಮಾಡಿದ ಕೆಲಸ. ದುಡ್ಡೂ ನನ್ನ ಕಾರ್ಡಿನಿಂದಲೇ ಹೋಯ್ತು. "ಸ್ಪ್ಲಿಟ್‌ವೈಸ್‌ಗೆ ಹಾಕು, ಕೊಡ್ತೀವಿ" ಅಂದರು, ಖರ್ಚು ಹಂಚೋ ಆ್ಯಪ್ ಅದು.

ಇಲ್ಲಿ ವಿದ್ಯಾರ್ಥಿಯಾಗಿ ಬದುಕೋದು ಹೇಗೆ ಅಂತ ಇವರಿಗೇನು ಗೊತ್ತಿಲ್ವಾ? ವೀಸಾ ಬೇಕಂದ್ರೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ಅದರಿಂದ ತಿಂಗಳಿಗೆ ಕೈಗೆ ಸಿಗೋದು 992 ಯೂರೋ. ಬಾಡಿಗೆ, ಇನ್ಶೂರೆನ್ಸ್, ದಿನಸಿ ಎಲ್ಲ ಅದರಲ್ಲೇ. ಆ ಹಣ ನಮ್ಮಪ್ಪ ಮನೆ ಪತ್ರ ಬ್ಯಾಂಕಿನಲ್ಲಿಟ್ಟು ತಂದದ್ದು. ಒಂದು ಯೂರೋ ನೂರು ರೂಪಾಯಿ ದಾಟಿ ಕೂತಿದೆ. ಐದು ಜನರ ರೈಲು, ರೂಮು ಎಲ್ಲ ನಾನೇ ಕಟ್ಟಿ, ಆಮೇಲೆ ತಿಂಗಳುಗಟ್ಟಲೆ "ಪಾರ್ಟ್‌ಟೈಮ್ ಸಂಬಳ ಬರಲಿ ಕಣೇ" ಅನ್ನೋ ಉತ್ತರ ಕೇಳ್ಕೊಂಡು ಕೂರಬೇಕಾ? ಅದೇ ಹುಡುಗ ಕಳೆದ ವಾರ ಹೊಸ ಶೂಸ್ ಸ್ಟೋರಿ ಹಾಕಿದ್ದಾನೆ.

ಇನ್ನು ಅಲ್ಲಿಗೆ ಹೋದ ಮೇಲಿನ ಕಥೆ. ಚೆಕ್ ದೇಶದಲ್ಲಿ ಯೂರೋ ಇಲ್ಲ, ಕೊರುನಾ. ದುಡ್ಡು ಬದಲಿಸೋಕೆ ಬೀದಿಬದಿಯ ಅಂಗಡಿಗೆ ಹೋಗಬೇಡಿ, ಕಾರ್ಡೇ ಉಜ್ಜಿ, ಮಿಷಿನ್ ಯೂರೋದಲ್ಲಿ ಕೊಡ್ತೀರಾ ಅಂತ ಕೇಳಿದರೆ ಬೇಡ, ಕೊರುನಾದಲ್ಲೇ ಅನ್ನಿ ಅಂತ ಮುಂಚೆಯೇ ಗ್ರೂಪಿನಲ್ಲಿ ಬರೆದಿದ್ದೆ. ಯಾರೂ ಓದಿಲ್ಲ. ಒಬ್ಬ "ಕಮಿಷನ್ ಸೊನ್ನೆ" ಅನ್ನೋ ಬೋರ್ಡು ನೋಡಿ ಹೋಗಿ ನೂರೈವತ್ತು ಯೂರೋ ಬದಲಿಸಿಕೊಂಡು ಬಂದ. ಕಮಿಷನ್ ಸೊನ್ನೆಯೇ, ಸರಿ, ಆದರೆ ಅವರು ಕೊಟ್ಟ ರೇಟು ಮಾರುಕಟ್ಟೆ ರೇಟಿಗಿಂತ ಎಷ್ಟೋ ಕೆಳಗೆ. ಅದಕ್ಕೂ ದಾರಿ ಇತ್ತು. 2019ರಿಂದ ಅಲ್ಲಿ ಕಾನೂನೇ ಇದೆ, ಮೂರು ಗಂಟೆಯೊಳಗೆ ರಸೀದಿ ಹಿಡಿದು ವಾಪಸ್ ಹೋದರೆ ವ್ಯವಹಾರ ರದ್ದು ಮಾಡಿ ನಮ್ಮ ದುಡ್ಡು ನಮಗೆ ಕೊಡಬೇಕು. ಹೇಳಿದೆ, ಜೊತೆಗೆ ನಾನೂ ಬರ್ತೀನಿ ಅಂದೆ. "ಬಿಡೇ, ಚಿಲ್ ಮಾಡು, ಬೆಳಕು ಹೋಗುತ್ತೆ, ಮೊದಲು ಸೇತುವೆ ಮೇಲೆ ಫೋಟೋ" ಅಂದ. ಆ ಲುಕ್ಸಾನನ್ನು ರಾತ್ರಿ ಕೂತು ಎಲ್ಲರ ಖರ್ಚಿಗೆ ಸೇರಿಸಿದ್ದಾನೆ! ಗ್ರೂಪಿಗೋಸ್ಕರ ಬದಲಿಸಿದ್ದಂತೆ!

ಊಟದ ವಿಷಯ ಬೇರೆ ಹೇಳ್ತೀನಿ. ನಾನು ಮಾಂಸ ತಿನ್ನಲ್ಲ, ಕುಡಿಯಲ್ಲ. ಅಲ್ಲಿನ ಹೋಟೆಲಲ್ಲಿ ನನಗೆ ಸಿಕ್ಕಿದ್ದು ಕರಿದ ಚೀಸ್, ಅದರ ಜೊತೆ ಆಲೂಗಡ್ಡೆ. ಅವರು ಮೊಣಕಾಲು ಮಾಂಸ ತರಿಸಿ, ಮಗ್ ಮೇಲೆ ಮಗ್ ಬಿಯರ್ ಹಾಕಿದರು. ಕುಡೀಲಿ, ನಂಗೇನು ಬೇಜಾರಿಲ್ಲ. ಬಿಲ್ ಬಂದಾಗ "ಐದರಿಂದ ಭಾಗಿಸು, ಯಾರು ಲೆಕ್ಕ ಮಾಡ್ತಾರೆ" ಅಂದರಲ್ಲ, ಅದು ಬೇಜಾರು. ನಾನು ಮಾಡ್ತೀನಿ ಲೆಕ್ಕ. ನನಗೆ ಅದು ವಾರದ ದಿನಸಿ. ಲೆಕ್ಕ ಕೇಳಿದವಳು ಜಿಪುಣಿ, ತಾನು ಕುಡಿದದ್ದನ್ನು ಇನ್ನೊಬ್ಬಳ ತಲೆಗೆ ಕಟ್ಟಿದವನು ಮಾತ್ರ ದೊಡ್ಡ ಮನಸ್ಸಿನವನು. ಯಾವ ನ್ಯಾಯ ಇದು?

ಇಷ್ಟೂ ದುಡ್ಡಿನ ಮಾತು. ದುಡ್ಡು ಇವತ್ತಲ್ಲ ನಾಳೆ ಬರಬಹುದು. ನನ್ನ ಹೊಟ್ಟೆ ಉರಿಸಿದ್ದು ಭಾನುವಾರ.

ಇಲ್ಲಿ ಡ್ರೆಸ್ಡೆನ್‌ನಲ್ಲಿ ನಾನಿರೋ ಬೀದಿಯ ಫುಟ್‌ಪಾತಿನಲ್ಲಿ ಅಂಗೈಯಗಲದ ಹಿತ್ತಾಳೆ ಕಲ್ಲುಗಳು ಹುದುಗಿವೆ. ಜರ್ಮನಿಯ ಊರೂರಲ್ಲೂ ಇವೆ, ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದರು ಶುರುಮಾಡಿದ ಕೆಲಸ. ನಾಜಿಗಳು ಎಳಕೊಂಡು ಹೋದ ಜನ ಕೊನೆಗೆ ಸ್ವಂತ ಇಚ್ಛೆಯಿಂದ ಬದುಕಿದ್ದ ಮನೆ ಮುಂದೆ ಅವರ ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಒಯ್ದರು, ಏನಾದರು ಅಂತ ಕೆತ್ತಿರುತ್ತೆ. ನನ್ನ ಬಾಗಿಲಿನಿಂದ ಸ್ವಲ್ಪ ದೂರದ ಕಲ್ಲಿನ ಮೇಲೆ ಥೆರೇಸಿಯೆನ್‌ಸ್ಟಾಟ್ ಅಂತಿದೆ. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಜಾಗ ಅದು, ಚೆಕ್ ಭಾಷೆಯಲ್ಲಿ ಟೆರೆಜೀನ್, ಪ್ರಾಗ್‌ನಿಂದ ಉತ್ತರಕ್ಕೆ. ದಿನಾ ಕ್ಲಾಸಿಗೆ ಹೋಗ್ತಾ ಬರ್ತಾ ಅದನ್ನು ದಾಟ್ತೀನಿ. ಹಾಗಾಗಿ ಪ್ರಾಗ್‌ನಲ್ಲಿ ನನಗೆ ಬೇಕಿದ್ದದ್ದು ಒಂದೇ ಒಂದು, ಪಿಂಕಾಸ್ ಸಿನಗಾಗ್.

ಯಹೂದಿಗಳ ಆ ಪ್ರಾರ್ಥನಾಮಂದಿರದ ಒಳಗೋಡೆಗಳ ಮೇಲೆ ಬೊಹೀಮಿಯಾ, ಮೊರಾವಿಯಾ ಸೀಮೆಯ, ಅಂದರೆ ಈಗಿನ ಚೆಕ್ ದೇಶದ, ಸುಮಾರು 78 ಸಾವಿರ ಯಹೂದಿಗಳ ಹೆಸರುಗಳನ್ನು ಕೈಯಲ್ಲಿ ಬರೆದಿದ್ದಾರೆ, ಎಲ್ಲರೂ ನಾಜಿಗಳ ಕೈಯಲ್ಲಿ ಸತ್ತವರು. ಮೊದಲು ಬರೆದದ್ದು 1950ರ ದಶಕದಲ್ಲಿ. 1968ರಲ್ಲಿ ಗೋಡೆಗೆ ನೀರು ಏರುತ್ತೆ ಅಂತ ಮುಚ್ಚಿದರು, ಆಮೇಲೆ ವರ್ಷಗಟ್ಟಲೆ ಬಾಗಿಲು ತೆಗೆಯಲಿಲ್ಲ, ಹೆಸರುಗಳು ಹಾಳಾದವು. ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ 1992ರಿಂದ 1996ರವರೆಗೆ ಕೂತು ಮತ್ತೆ ಅಷ್ಟೂ ಹೆಸರು ಬರೆದರು. ಮಹಡಿ ಮೇಲೆ ಟೆರೆಜೀನ್‌ನ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಫ್ರೀಡಲ್ ಡಿಕರ್-ಬ್ರಾಂಡೈಸ್ ಅನ್ನೋ ಕಲಾವಿದೆ ಅಲ್ಲೇ ಸೆರೆಯಲ್ಲಿದ್ದುಕೊಂಡು ಆ ಮಕ್ಕಳಿಗೆ ಚಿತ್ರ ಕಲಿಸ್ತಿದ್ದರು. 1944ರಲ್ಲಿ ಆಕೆಯನ್ನು ಆಶ್ವಿಟ್ಜ್ ಅನ್ನೋ ಸಾವಿನ ಶಿಬಿರಕ್ಕೆ ಒಯ್ದು ಕೊಂದರು. ಅದಕ್ಕೂ ಮುಂಚೆ ಸುಮಾರು ನಾಲ್ಕೂವರೆ ಸಾವಿರ ಚಿತ್ರಗಳನ್ನು ಸೂಟ್‌ಕೇಸುಗಳಲ್ಲಿ ಬಚ್ಚಿಟ್ಟಿದ್ದರಿಂದ ಅವು ಉಳಿದವು. ಆ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ.

ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ, ಅವತ್ತು ಅಲ್ಲಿ ಬಾಗಿಲು ಮುಚ್ಚಿರುತ್ತೆ. ಅದಕ್ಕೇ ಶನಿವಾರವೆಲ್ಲ ನಿಮ್ಮದು, ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಮಾತ್ರ ನನಗೆ ಕೊಡಿ ಅಂತ ಹೊರಡೋ ಮುಂಚೆಯೇ ಕೇಳಿಕೊಂಡಿದ್ದೆ. ಎಲ್ಲರೂ ಹೂಂ ಅಂದಿದ್ದರು. ಶನಿವಾರ ಅವರು ಕರೆದ ಕಡೆಗೆಲ್ಲ ಹೋದೆ. 1410ರ ಗಡಿಯಾರದ ಮುಂದೆ, ಗಂಟೆ ಹೊಡೆದಾಗ ಯೇಸುವಿನ ಶಿಷ್ಯರ ಗೊಂಬೆಗಳು ತಿರುಗೋವಾಗ, ಒಬ್ಬರೂ ತಲೆ ಎತ್ತಿ ಕಣ್ಣಲ್ಲಿ ನೋಡಲಿಲ್ಲ, ಎಲ್ಲರ ಕೈಯಲ್ಲೂ ಫೋನು. ಚಾರ್ಲ್ಸ್ ಸೇತುವೆ ಮೇಲೆ ಮೂವತ್ತು ವಿಗ್ರಹಗಳಿವೆ, ಯಾವುದು ಯಾರದ್ದು ಅಂತ ಒಬ್ಬರೂ ಕೇಳಲಿಲ್ಲ. ನನ್ನ ಕೈಗೆ ಫೋನು ಕೊಟ್ಟು "ಇನ್ನೊಂದು ತೆಗಿ, ಇದರಲ್ಲಿ ಗಲ್ಲ ದಪ್ಪ ಕಾಣುತ್ತೆ" ಅಂದರು. ತೆಗೆದೆ. ಚಳಿಗೆ ಬೆರಳು ಸೆಟೆದುಹೋಗಿತ್ತು, ಆದರೂ ತೆಗೆದೆ.

ಭಾನುವಾರ ಅಲಾರಂ ಹೊಡೆಯಿತು. "ಹತ್ತು ನಿಮಿಷ" ಅಂದರು. ಹತ್ತು ಗಂಟೆಯಾಯ್ತು, ಹನ್ನೊಂದಾಯ್ತು. ರಾತ್ರಿ ಕುಡಿದದ್ದು ಇಳಿದಿರಲಿಲ್ಲ. ರೂಮು ನನ್ನ ಹೆಸರಲ್ಲಿ, ಕೀ ಡೆಪಾಸಿಟ್ ನನ್ನದು, ಚೆಕ್‌ಔಟ್ ಮೀರಿದ್ದಕ್ಕೆ ರಿಸೆಪ್ಷನ್ನಿನಿಂದ ಮಾತು ಕೇಳಿದ್ದು ನಾನು, ಲೇಟ್ ಫೀಸ್ ಕಟ್ಟಿದ್ದೂ ನಾನು. ಎದ್ದ ಮೇಲಾದರೂ ಹೊರಟರಾ? ತಿಂಡಿ ಆಯ್ತು. ಗೀಚುಚಿತ್ರ ತುಂಬಿದ ಲೆನಾನ್ ಗೋಡೆ ಹತ್ತಿರ ಇನ್ನೊಂದು ಡ್ರೆಸ್ಸಿನಲ್ಲಿ ಫೋಟೋ ಆಯ್ತು. ಹಳೇ ಪೇಟೆಯ ಚೌಕಕ್ಕೆ ಬಂದಾಗ ಮಧ್ಯಾಹ್ನ ಮೀರಿತ್ತು. ಅಲ್ಲಿಂದ ಪಿಂಕಾಸ್ ಹತ್ತು ನಿಮಿಷದ ನಡಿಗೆ ಅಷ್ಟೆ. ನಾನು ದಾರಿ ತೋರಿಸ್ತಿದ್ದರೆ ಅವರು ಟ್ರಡೆಲ್ನಿಕ್ ಕ್ಯೂನಲ್ಲಿ ನಿಂತರು. ಸಕ್ಕರೆ ಸವರಿದ ಆ ಸುರುಳಿ ಬ್ರೆಡ್ಡಿಗೆ ಐಸ್‌ಕ್ರೀಮ್ ತುಂಬಿಸಿ ಪ್ರಾಗ್‌ನ ಪುರಾತನ ತಿಂಡಿ ಅಂತ ಮಾರ್ತಾರೆ. ಅದು ಮೊದಲಿನಿಂದ ಹೆಸರುವಾಸಿ ಆಗಿರೋದು ಸ್ಲೊವಾಕಿಯಾದ ಸ್ಕಾಲಿಟ್ಸಾ ಊರಲ್ಲಿ. ಅದಕ್ಕಾಗಿ ಅರ್ಧ ಗಂಟೆ ನಿಂತರು! ಅಷ್ಟರಲ್ಲಿ ಒಬ್ಬ ಮ್ಯಾಗ್ನೆಟ್ ತರ್ತೀನಿ ಅಂತ ಹೋದವನು ಪತ್ತೆಯಿಲ್ಲ, ಫೋನ್ ಸ್ವಿಚ್ ಆಫ್. ಐದೂ ಜನರ ಟಿಕೆಟ್ ನನ್ನ ಫೋನಿನ ಒಂದೇ ಕ್ಯೂಆರ್ ಕೋಡಿನಲ್ಲಿ. ನಾಲ್ಕೂವರೆಯ ರೈಲು. ಅವನನ್ನು ಹುಡುಕ್ತಾ ಆ ಗಲ್ಲಿಗಳಲ್ಲಿ ಓಡಾಡಿದ್ದು ನಾನು, ಉಳಿದವರು ಕೂತು ರೀಲ್ ಎಡಿಟ್ ಮಾಡ್ತಿದ್ದರು. ಅವನು ಸಿಕ್ಕಾಗ ಸ್ಟೇಷನ್ನಿಗೆ ಓಡೋಕಷ್ಟೇ ಟೈಮಿತ್ತು.

ವಾಪಸ್ ಬರೋವಾಗ ಗಡಿ ಹತ್ತಿರದ ಬಾಡ್ ಶಾಂಡೌ ಸ್ಟೇಷನ್ನಿನಲ್ಲಿ ಜರ್ಮನ್ ಪೊಲೀಸರು ಹತ್ತಿದರು. 2024ರ ಸೆಪ್ಟೆಂಬರಿನಿಂದ ಎಲ್ಲ ಗಡಿಯಲ್ಲೂ ತಪಾಸಣೆ ಇದೆ, ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡೂ ಇಟ್ಕೊಳ್ಳಿ ಅಂತ ಅದನ್ನೂ ಬರೆದಿದ್ದೆ. ಒಬ್ಬಳು ಕಾರ್ಡು ರೂಮಲ್ಲೇ ಬಿಟ್ಟು ಬಂದಿದ್ದಳು. ಅರೆಬರೆ ಜರ್ಮನ್‌ನಲ್ಲಿ ಅವಳ ಪರವಾಗಿ ಪೊಲೀಸರ ಹತ್ತಿರ ಗೋಗರೆದದ್ದು ಯಾರು ಅಂತ ಬೇರೆ ಹೇಳಬೇಕಾ?

ಡ್ರೆಸ್ಡೆನ್ ಬಂದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ, ಅಲ್ಲೇ ಪ್ಲಾಟ್‌ಫಾರ್ಮಿನಲ್ಲಿ ಹೇಳಿದೆ. ಸಿಕ್ಕ ಉತ್ತರ: "ಅಷ್ಟು ಇಷ್ಟ ಇದ್ರೆ ನೀನೊಬ್ಬಳೇ ಹೋಗಬೇಕಿತ್ತು. ಗೋಡೆ ಮೇಲಿನ ಹೆಸರು ನೋಡೋಕೆ ಯಾರು ಟ್ರಿಪ್ ಬರ್ತಾರೆ?" ಒಬ್ಬಳೇ ಹೋಗಬೇಕಿತ್ತಾ? ನಿಮ್ಮ ಕೀ, ನಿಮ್ಮ ಟಿಕೆಟ್, ನಿಮ್ಮ ಬ್ಯಾಗಿನ ಟೋಕನ್ ಎಲ್ಲ ನನ್ನ ಜೇಬಿಗೆ ತುರುಕಿ, ಆಮೇಲೆ ಒಬ್ಬಳೇ ಹೋಗಬೇಕಿತ್ತು ಅನ್ನೋಕೆ ನಾಚಿಕೆ ಬೇಡ್ವಾ? ನಿಮಗೆ ಬೇಕಿದ್ದದ್ದು ಸ್ನೇಹಿತೆಯಲ್ಲ, ಸಂಬಳವಿಲ್ಲದ ಟೂರ್ ಮ್ಯಾನೇಜರ್.

ಆ ಮೂವರ ಮೇಲಿನ ಸಿಟ್ಟು ಹೀಗೆ ಬೈದರೆ ಸ್ವಲ್ಪ ಇಳಿಯುತ್ತೆ. ಇಳಿಯದೇ ಇರೋದು ನಾಲ್ಕನೆಯವಳ ಮೇಲಿನದು. ಆ ಮಕ್ಕಳ ಚಿತ್ರಗಳ ಬಗ್ಗೆ ನನಗೆ ಮೊದಲು ಹೇಳಿದ್ದೇ ಅವಳು. ಮೆಸ್ಸಿನಲ್ಲಿ ಕೂತು ಫೋನಿನಲ್ಲಿ ತೋರಿಸಿ, ಇಬ್ಬರೂ ಹೋಗೋಣ ಕಣೇ ಅಂದಿದ್ದಳು. ಭಾನುವಾರ ಬೆಳಗ್ಗೆ ಅವಳಿಗೆ ಎಚ್ಚರವಿತ್ತು, ನಾನು ಒಬ್ಬೊಬ್ಬರನ್ನೇ ಎಬ್ಬಿಸ್ತಾ ಬೈಸಿಕೊಳ್ತಿದ್ದದ್ದನ್ನು ಮಂಚದ ಮೇಲಿಂದ ನೋಡ್ತಿದ್ದಳು. ನೀವು ಮಲಗಿ, ನಾವಿಬ್ಬರು ಹೋಗಿ ಬರ್ತೀವಿ ಅಂತ ಅವಳ ಬಾಯಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು, ಕೀ ಅಲ್ಲೇ ಬಿಸಾಡಿ ಹೊರಟುಬಿಡ್ತಿದ್ದೆ. ಉಳಿದವರು ಬೋರ್ ಅಂತಾರೆ ಅಂತ ಹೆದರಿ ಸುಮ್ಮನಿದ್ದಳು. ವಿಯೆನ್ನಾ ಮೆಸೇಜಿಗೆ ಮೊದಲು ಬೆಂಕಿ ಇಮೋಜಿ ಒತ್ತಿದವಳೂ ಅವಳೇ.