ಪರ-ವಿರೋಧ: ನಗರದ ಪೊಲೀಸ್ ವೈಫಲ್ಯಕ್ಕೆ ಕಮಿಷನರ್ ತಲೆದಂಡ ತೆರಬೇಕೇ?

ಪರ
ಕಾನೂನು ಕಾಲೇಜೊಂದರ ಉಪನ್ಯಾಸಕಿ

'ಹೌದು' ಎನ್ನುವ ಪಕ್ಷ ನನ್ನ ಪಾಲಿಗೆ ಬಂದಿದೆ. 2025ರ ಜೂನ್ 4ರಂದು, ಆರ್‌ಸಿಬಿ ತಂಡದ ಮೊದಲ ಐಪಿಎಲ್ ಗೆಲುವಿನ ಸಂಭ್ರಮಾಚರಣೆಯ ವೇಳೆ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಮರುದಿನ ರಾತ್ರಿಯೇ ಬೆಂಗಳೂರಿನ ಪೊಲೀಸ್ ಕಮಿಷನರ್ ಬಿ. ದಯಾನಂದ ಸೇರಿದಂತೆ ಐವರು ಅಧಿಕಾರಿಗಳನ್ನು ಸರ್ಕಾರ ಅಮಾನತುಗೊಳಿಸಿತು. ಆ ಆತುರವನ್ನು ಸಮರ್ಥಿಸುವ ಉತ್ಸಾಹ ನನಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆದೇಶದ ಆತುರ ಬೇರೆ, ಅದರ ಹಿಂದಿನ ತತ್ವ ಬೇರೆ. ಸೇವಾ ನಿಯಮಗಳ ದೃಷ್ಟಿಯಲ್ಲಿ ಅಮಾನತು ಶಿಕ್ಷೆಯಲ್ಲ. ವಿಚಾರಣೆ ಮುಗಿಯುವವರೆಗೆ ಅಧಿಕಾರಿಯನ್ನು ಕುರ್ಚಿಯಿಂದ ದೂರವಿಡುವ ಕ್ರಮ. ಪೇದೆಗೋ ಇನ್‌ಸ್ಪೆಕ್ಟರ್‌ಗೋ ಅದು ಅನ್ವಯವಾದಾಗ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗುತ್ತದೆ. ಕಮಿಷನರ್‌ಗೆ ಅನ್ವಯವಾದಾಗ ಮಾತ್ರ ಊರಿಗೆ ಊರೇ ನ್ಯಾಯಶಾಸ್ತ್ರ ಮಾತನಾಡತೊಡಗುತ್ತದೆ.

2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆಯಲ್ಲಿ ಬೇರೊಬ್ಬರ ಕಾರು ಮಾಡಿದ ಅಪಘಾತಕ್ಕೆ ತಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಎರಗಿತು. ಕೆಲವು ಪೊಲೀಸರು ಅಮಾನತಾದರು. ಅಮಾನತಿನ ಕಾಗದ ಕಮಿಷನರ್ ಕೊಠಡಿಯವರೆಗೆ ಏರಲಿಲ್ಲ. ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಕಡಿಮೆ ಇರುವ ಈ ನಗರದಲ್ಲಿ ಹೊರಗಿನಿಂದ ಬಂದವನಿಗೆ ಕಾನೂನು ಎಂದರೆ ಠಾಣೆಯ ಮುಂದಿನ ಬೆಂಚು, ಅಷ್ಟೇ. ಹಿಂದೊಮ್ಮೆ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನ ಮೊಬೈಲ್ ಕಳವಾದಾಗ ದೂರು ಬರೆಸಲು ಅವನ ಜೊತೆಗೆ ನಾನೂ ಠಾಣೆಯೊಂದಕ್ಕೆ ಹೋಗಿದ್ದೆ. ಏನಾಯಿತು ಎಂದು ಕೇಳುವ ಮೊದಲೇ ಬರಹಗಾರರು ಅವನನ್ನು 'ಯಾವ ಊರೋ ನಿಂದು?' ಎಂದು ಕೇಳಿದರು. ನನಗೆ ಕುರ್ಚಿ ತರಿಸಿದರು. ಕಳೆದುಕೊಂಡವನು ಕೊನೆಯವರೆಗೆ ನಿಂತೇ ಇದ್ದ. ಆ 'ಯಾವ ಊರೋ' ಎಂಬ ಪ್ರಶ್ನೆ ಕೆಳಗೆ ಹುಟ್ಟಿದ್ದಲ್ಲ; ಮೇಲಿನವರು ಅದನ್ನು ಸಹಿಸಿಕೊಂಡು ಬಂದಿದ್ದರಿಂದ ಉಳಿದದ್ದು.

2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿಯಾಗುತ್ತದೆ ಎಂಬ ವದಂತಿಯ ಎಸ್ಎಂಎಸ್‌ಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಲ್ಲಿ ಗುವಾಹಟಿ ರೈಲು ಹತ್ತಿದರು. ಗೃಹ ಸಚಿವರಾಗಿದ್ದ ಆರ್. ಅಶೋಕ ನಿಲ್ದಾಣಕ್ಕೇ ಹೋಗಿ ಧೈರ್ಯ ಹೇಳಿದರು. ರಾಜ್ಯ ಪೊಲೀಸ್ ಮುಖ್ಯಸ್ಥರಾಗಿದ್ದ ಲಾಲ್‌ರೊಖುಮಾ ಪಚಾವೊ ಸ್ವತಃ ಮಿಜೋರಾಮಿನವರು. ಆದರೂ ರೈಲುಗಳು ತುಂಬಿ ಹೋದವು. ವಿಶ್ವಾಸವನ್ನು ವರ್ಷಗಟ್ಟಲೆ ಠಾಣೆಯಲ್ಲಿ ಗಳಿಸಬೇಕೇ ಹೊರತು ಪ್ಲಾಟ್‌ಫಾರಂನಲ್ಲಿ ಒಂದು ಸಂಜೆಗೆ ಹಂಚಲು ಬರುವುದಿಲ್ಲ; ಆ ಗಳಿಕೆಯ ಲೆಕ್ಕವನ್ನು ಮೇಲಿನವರೇ ಕೊಡಬೇಕು.

ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಪೊಲೀಸರ ವಿರುದ್ಧದ ದೂರುಗಳನ್ನು ಆಲಿಸಲು ಪ್ರಾಧಿಕಾರ ಇರಬೇಕೆಂದಿತು. ಕರ್ನಾಟಕ 2012ರಲ್ಲಿ ಅದಕ್ಕಾಗಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಅದರ ಕಚೇರಿ ಎಲ್ಲಿದೆ ಎಂದು ನನ್ನ ತರಗತಿಯಲ್ಲಿ ಕೇಳಿದರೆ ಕಾನೂನು ವಿದ್ಯಾರ್ಥಿಗಳೇ ಮುಖ ಮುಖ ನೋಡಿಕೊಳ್ಳುತ್ತಾರೆ. ಸರಿಯಾದ ದಾರಿ ಅದೇ ಎಂದು ಒಪ್ಪುತ್ತೇನೆ. ಅದು ಸವೆದ ದಾರಿಯಾಗುವವರೆಗೆ ಕಮಿಷನರ್ ಕುರ್ಚಿಯೂ ಅಲುಗಾಡಬಲ್ಲದು ಎಂಬುದು ಜನರಿಗೆ ಕಾಣಬೇಕು. ಕಾಲ್ತುಳಿತದ ದಿನವೇ ವಿಧಾನಸೌಧದ ಮೆಟ್ಟಿಲ ಮೇಲೆ ನಡೆದ ತಂಡದ ಸನ್ಮಾನ ಸಮಾರಂಭ ಯಾರ ಅವಸರದ್ದು ಎಂಬ ಪ್ರಶ್ನೆ ರಾಜಕೀಯದ್ದು. ಈ ಚರ್ಚೆಗೆ ಅದು ಹೊರಗಿನದು.

ವಿರೋಧ
ನಿವೃತ್ತ ಸಹಾಯಕ ಸಬ್ ಇನ್‌ಸ್ಪೆಕ್ಟರ್

ಹೊರಗಿನದಂತೆ! ಇಡೀ ಪ್ರಕರಣದ ಬೇರನ್ನೇ ಮೇಡಂ ಒಂದು ವಾಕ್ಯದಲ್ಲಿ ಕಿತ್ತು ಆಚೆ ಇಟ್ಟುಬಿಟ್ಟಿದ್ದಾರೆ.

ಬಂದೋಬಸ್ತ್ ಎಂದರೆ ಲಾಠಿ ಹಿಡಿದು ನಿಲ್ಲುವುದಲ್ಲ. ಯಾವ ಗೇಟಿಗೆ ಎಷ್ಟು ಜನ, ಬ್ಯಾರಿಕೇಡ್ ಎಲ್ಲಿಂದ ಎಲ್ಲಿಗೆ, ಕೆಎಸ್ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ತುಕಡಿಗಳು ಎಷ್ಟು, ಆಂಬುಲೆನ್ಸ್ ಯಾವ ರಸ್ತೆಯಲ್ಲಿ ಒಳಗೆ ಬಂದು ಯಾವ ರಸ್ತೆಯಲ್ಲಿ ಹೊರಗೆ ಹೋಗಬೇಕು, ಸಿಬ್ಬಂದಿಗೆ ಊಟದ ಪೊಟ್ಟಣ ಎಷ್ಟು ಗಂಟೆಗೆ ಎಂಬುದನ್ನೆಲ್ಲ ಕಾಗದದ ಮೇಲೆ ಬರೆದು, ಬೇರೆ ವಿಭಾಗಗಳಿಂದ ಸಿಬ್ಬಂದಿ ಕರೆಸಿ, ಒಂದು ಸಲವಾದರೂ ಅವರನ್ನು ನಿಲ್ಲಿಸಿ ಹೇಳಿಕೊಡಬೇಕು. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂದ್ಯ ಮುಗಿಯಿತು. 18 ವರ್ಷ ಕಾದಿದ್ದ ಊರು ಬೀದಿಗಿಳಿಯಿತು. ನಮ್ಮ ಹುಡುಗರು ಬೆಳಗಿನ ಜಾವದವರೆಗೆ ರಸ್ತೆಯಲ್ಲೇ ಇದ್ದರು. ಮರುದಿನ ಮಧ್ಯಾಹ್ನವೇ ಎರಡು ಕಡೆ ಸಮಾರಂಭ. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ. ಅಂದು ಅಲ್ಲಿ ಕೆಲಸದಲ್ಲಿದ್ದ ನನ್ನ ತಂಗಿಯ ಮಗ ಮನೆಗೆ ಬಂದಾಗ ಒಂದು ಬೂಟಿನ ಹಿಮ್ಮಡಿ ಇರಲಿಲ್ಲ. ಎಲ್ಲಿ ಕಿತ್ತುಹೋಯಿತೆಂದು ಅವನಿಗೇ ಗೊತ್ತಿರಲಿಲ್ಲ.

ಕೇಂದ್ರ ಆಡಳಿತ ನ್ಯಾಯಮಂಡಳಿ ಜುಲೈ 1ರಂದು ಐವರಲ್ಲಿ ಒಬ್ಬರಾದ ವಿಕಾಸ್ ಕುಮಾರ್ ವಿಕಾಸ್ ಅವರ ಅಮಾನತನ್ನು ರದ್ದುಪಡಿಸುವಾಗ ಹೇಳಿದ್ದೂ ಇದನ್ನೇ: ಪೊಲೀಸರೂ ಮನುಷ್ಯರು, ಅವರ ಕೈಯಲ್ಲಿ ಅಲ್ಲಾವುದ್ದೀನನ ದೀಪವಿಲ್ಲ.

ಮೇಡಂ ಪ್ರಕಾಶ್ ಸಿಂಗ್ ತೀರ್ಪಿನ ಒಂದು ಪುಟವನ್ನು ಮಾತ್ರ ಓದಿದ ಹಾಗಿದೆ. ಅಧಿಕಾರಿ ಒಂದೇ ಜಾಗದಲ್ಲಿ ಕನಿಷ್ಠ ಎರಡು ವರ್ಷ ಇರಬೇಕೆಂದದ್ದೂ ಅದೇ ತೀರ್ಪು. ಯಾಕೆ? 'ಇವತ್ತು ಬೇಡ, ಭಾನುವಾರ ಮಾಡಿ' ಎಂದು ಮಂತ್ರಿಗಳಿಗೆ ಹೇಳುವ ಧೈರ್ಯ ಅವನಿಗಿರಲಿ ಎಂದು. ಒಂದು ರಾತ್ರಿಯಲ್ಲಿ ಕುರ್ಚಿ ಹೋಗುತ್ತದೆ ಎಂದು ಗೊತ್ತಿದ್ದವನು 'ಬೇಡ' ಎನ್ನುವುದಿಲ್ಲ, 'ಆಗಲಿ ಸಾರ್' ಎನ್ನುತ್ತಾನೆ. 2020ರ ಆಗಸ್ಟ್ 11ರ ರಾತ್ರಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಗಲಭೆಯಾಗಿ ಬೆಂಕಿ ಬಿದ್ದಾಗ ಕಮಿಷನರ್ ಬಂದು ಎರಡು ವಾರವೂ ಆಗಿರಲಿಲ್ಲ. ಅಂದು ಅವರನ್ನು ಕಳಿಸಿದ್ದರೆ ಯಾರಲ್ಲಿ ಯಾವ ವಿಶ್ವಾಸ ಹುಟ್ಟುತ್ತಿತ್ತು? ಬೀದಿಯವರಿಗೆ ಕಮಿಷನರ್ ಹೆಸರೇ ಗೊತ್ತಿರುವುದಿಲ್ಲ. ಗೊತ್ತಿರುವುದು ಬೀಟ್ ಪೊಲೀಸನ ಮುಖ. ರಾಯಚೂರಿನಿಂದಲೋ ಹಾಸನದಿಂದಲೋ ಬಂದ ಹುಡುಗ ಎರಡು ವರ್ಷದಲ್ಲಿ ಶಿವಾಜಿನಗರದ ಉರ್ದುವನ್ನೂ ಹಲಸೂರಿನ ತಮಿಳನ್ನೂ ಕಲಿಯುತ್ತಾನೆ. ಪೊಲೀಸರನ್ನು ಕಂಡರಾಗದವರಿಗೆ ಮಾತ್ರ ಅವನ ಬಾಯಿಂದ 'ಯಾವ ಊರೋ' ಎಂಬುದೊಂದೇ ಕೇಳಿಸುತ್ತದೆ.

ಕೆಳಗಿನವರು ಅಮಾನತಾದಾಗ ಯಾರೂ ಕೇಳುವುದಿಲ್ಲ ಎಂದಿದ್ದಾರೆ. ನಾನು ಅಮಾನತಾದವನು, ಹಾಗಾಗಿ ಅದನ್ನು ನನ್ನಿಂದಲೇ ಕೇಳಬಹುದು. ಸೇವೆಯ ಹತ್ತೊಂಬತ್ತನೇ ವರ್ಷ. ಮೆರವಣಿಗೆಯೊಂದರ ದಾರಿಯನ್ನು ಹೊರಡುವುದಕ್ಕೆ ಹತ್ತು ನಿಮಿಷ ಮೊದಲು ಮೇಲಿನಿಂದ ಬದಲಿಸಿದರು. ವೈರ್‌ಲೆಸ್‌ನಲ್ಲಿ ಬಂದ ಮಾತು, ಕಾಗದವಿಲ್ಲ. ಹೊಸ ದಾರಿಯ ತಿರುವಿನಲ್ಲಿ ನೂಕುನುಗ್ಗಲಾಗಿ ಹುಡುಗನೊಬ್ಬನ ಕಾಲು ಮುರಿಯಿತು. ಅವನನ್ನು ಎತ್ತಿಕೊಂಡು ಆಟೋಗೆ ಹಾಕಿದವನು ನಾನು. ಸಂಜೆ ಅಮಾನತಾದವನೂ ನಾನೇ. ಎಪ್ಪತ್ತು ದಿನ ಅರ್ಧ ಸಂಬಳ. ಅದು ಶಿಕ್ಷೆಯಲ್ಲವಂತೆ, ನಿಯಮದಲ್ಲಿ ಇರಬಹುದು, ನಮ್ಮ ಬೀದಿಯಲ್ಲಿ ಇರಲಿಲ್ಲ. ಮೊದಲ ವಾರವೇ ಮೂಲೆಯ ಇಸ್ತ್ರಿ ಗಾಡಿಯವನು 'ಏನಮ್ಮಾ, ಈ ವಾರ ಖಾಕಿ ಬರ್ಲೇ ಇಲ್ಲ?' ಎಂದು ನನ್ನ ಹೆಂಡತಿಯನ್ನು ಕೇಳಿದ. ಅವನು ಕೆಟ್ಟದ್ದೆಣಿಸಿ ಕೇಳಿದವನಲ್ಲ. ಅಂದಿನಿಂದ ಆಕೆ ಸೋಮವಾರಕ್ಕೊಮ್ಮೆ ಬೀರುವಿನಲ್ಲಿದ್ದ ಒಗೆದ ಖಾಕಿ ಜೊತೆಯನ್ನೇ ಕೈಯಲ್ಲಿ ಮುದುರಿ, ತೊಟ್ಟು ಬಿಟ್ಟದ್ದೆಂಬಂತೆ ಮಾಡಿ, ಇಸ್ತ್ರಿಗೆ ಕಳಿಸುತ್ತಿದ್ದಳು.

ಹಾಗಾದರೆ ಮೇಲಿನವರಿಗೂ ಅದೇ ಆಗಲಿ ಎನ್ನಬೇಕಲ್ಲವೇ ಎಂದು ಸಂಪಾದಕರು ಫೋನಿನಲ್ಲಿ ಕೇಳಿದರು. ಇಲ್ಲ, ಹಾಗೆ ಅನ್ನಲು ನನಗೆ ಮನಸ್ಸಾಗುವುದಿಲ್ಲ. ನನಗೆ ಆದದ್ದು ತಪ್ಪಾಗಿದ್ದರೆ ಕಮಿಷನರ್‌ಗೆ ಆದದ್ದು ಹೇಗೆ ಸರಿಯಾಗುತ್ತದೆ?

ಜುಲೈ ಕೊನೆಯಲ್ಲಿ ಸರ್ಕಾರ ಅಧಿಕಾರಿಗಳ ಅಮಾನತನ್ನು ಹಿಂತೆಗೆದುಕೊಂಡಿತು. ನನ್ನದನ್ನು ಹಿಂತೆಗೆದುಕೊಂಡ ಆದೇಶದಲ್ಲಿ ದಾರಿ ಬದಲಿಸಿದವರು ಯಾರು ಎಂಬ ಮಾತೇ ಇರಲಿಲ್ಲ. ಮರುದಿನ ಕೆಲಸಕ್ಕೆ ಹೋಗಲು ಆ ಖಾಕಿ ಶರ್ಟನ್ನು ತೊಟ್ಟಾಗ ಎಡತೋಳಿನ ಮಡಿಕೆ ಸೀಳಿಕೊಂಡಿತು; ಹತ್ತು ವಾರ ತೊಡದೆಯೇ ಇಸ್ತ್ರಿಯಾಗಿ ಬಟ್ಟೆ ಅಷ್ಟು ಸವೆದಿತ್ತು.